ಗಾಜಿನ ತೊಟ್ಟಿ ಪ್ರಶ್ನೋತ್ತರ: ಪಿಎಚ್ ಇಳಿಸುವ ಮುನ್ನ ಕೆಎಚ್ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ‘ನಮ್ಮ ತೊಟ್ಟಿಯ ಪಿಎಚ್ ಇಷ್ಟಿದೆ, ಅದನ್ನು ಅಷ್ಟು ಮಾಡುವುದು ಹೇಗೆ?’ ಪಿಎಚ್ ಅಂದರೆ ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ. 7 ನಡುಮಟ್ಟ, ಇಳಿದಷ್ಟೂ ಆಮ್ಲ. ಗಿಡ ಬೆಳೆಸುವವರಾದರೆ ಜತೆಗೆ ಗಿಡದ ಊಟವಾದ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಪ್ರಶ್ನೆಯೂ ಬಂದೇ ಬರುತ್ತದೆ. ಅದು ನೀರಿನಲ್ಲಿ ಕರಗಿದರೆ ಆಮ್ಲವಾಗಿ ಪಿಎಚ್ ಇಳಿಸುತ್ತದೆ. ಹಾಗಾಗಿ ಈ ಸಂಚಿಕೆ ಅದಕ್ಕೇ ಮೀಸಲು. ಬೆಟ್ಟಾ ಮೀನಿನ ರೆಕ್ಕೆ ಹರಿದವರು, ಬಸವನಹುಳುವಿನ ಕಾಟದವರು ಮುಂದಿನ ತಿಂಗಳವರೆಗೆ ಕಾಯಬೇಕು.

ಉತ್ತರಕ್ಕೆ ಇಳಿಯುವ ಮುಂಚೆ ಒಂದು ಮಾತು. ಪಿಎಚ್ ಬರೆದವರು ಬಹಳ ಜನ. ಕೆಎಚ್ ಬರೆದವರು ಬೆರಳೆಣಿಕೆ. ನೀರಿನಲ್ಲಿ ಬೈಕಾರ್ಬೊನೇಟ್ ಎಷ್ಟಿದೆ, ಅಂದರೆ ಆಮ್ಲ ಸೇರಿದರೆ ಅದನ್ನು ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತದೆ ಎಂದು ಹೇಳುವುದು ಕೆಎಚ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಿಟ್‌ನಲ್ಲಿ ಹನಿ ಎಣಿಸಿದರೆ ಮುಗಿಯಿತು. ಬಣ್ಣ ತಿರುಗುವವರೆಗೆ ಎಷ್ಟು ಹನಿ ಬಿತ್ತೋ ಅಷ್ಟು ಡಿಗ್ರಿ. ಅದು ಗೊತ್ತಿಲ್ಲದೆ ಪಿಎಚ್ ಒಂದನ್ನೇ ಕಳಿಸಿದರೆ ನಾನು ಸುಮ್ನೆ ಊಹೆ ಮಾಡಬೇಕಾಗುತ್ತದೆ.

ಪ್ರಶ್ನೆ: ಮೇಡಂ, ನಮ್ಮದು ಬೋರ್‌ವೆಲ್ ನೀರು. ಕೆಎಚ್ 14. ನೂರು ಲೀಟರಿನ ತೊಟ್ಟಿ. ಸಿಲಿಂಡರ್ ಕೊಂಡು ಗ್ಯಾಸ್ ಬಿಡುತ್ತಿದ್ದೇನೆ. ಮೊದಲು ಪಿಎಚ್ 8.1 ಇತ್ತು, ಈಗ 7.2. ಗಿಡಗಳಿಗೆ 6.6 ಇರಬೇಕು ಎಂದು ಓದಿದ್ದೆ. ಮೊನ್ನೆ ಗುಳ್ಳೆ ಜಾಸ್ತಿ ಮಾಡಿ 6.9ಕ್ಕೆ ತಂದಾಗ ಟೆಟ್ರಾ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯತೊಡಗಿದವು. ಗಾಬರಿಯಾಗಿ ನಿಲ್ಲಿಸಿಬಿಟ್ಟೆ. ರೋಟಾಲಾ ಮ್ಯಾಕ್ರಾಂಡ್ರಾ ಕೆಂಪಗೆ ಬೆಳೆಯಬೇಕು ಅನ್ನುವುದು ನನ್ನ ಆಸೆ. ಏನು ಮಾಡಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಉತ್ತರ: ನಿಲ್ಲಿಸಿದ್ದು ಒಳ್ಳೆಯದಾಯಿತು. ಇನ್ನೂ ಸ್ವಲ್ಪ ಹಟ ಮಾಡಿದ್ದರೆ ಈ ಪತ್ರದ ಧಾಟಿಯೇ ಬೇರೆ ಇರುತ್ತಿತ್ತು.

ನೀವು ಓದಿದ 6.6 ಸುಳ್ಳಲ್ಲ. ಆದರೆ ಅದು ಕೆಎಚ್ 4 ಇರುವ ನೀರಿನ ಲೆಕ್ಕ. ಲೆಕ್ಕ ಬಹಳ ಸುಲಭ, ನೀವೇ ಮಾಡಿ ನೋಡಿ. ಕೆಎಚ್ ಅನ್ನು 3ರಿಂದ ಗುಣಿಸಿ. ಪಿಎಚ್ 7 ಇದ್ದಾಗ ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಷ್ಟು, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಅಲ್ಲಿಂದ ಪಿಎಚ್ 0.3 ಇಳಿದರೆ ಗ್ಯಾಸ್ ಎರಡು ಪಟ್ಟು. 0.3 ಏರಿದರೆ ಅರ್ಧ. ಪೂರ್ತಿ ಒಂದು ಇಳಿದರೆ ಹತ್ತು ಪಟ್ಟು. ಪಿಎಚ್ ಎಂಬ ಅಳತೆಯ ಹಣೆಬರಹವೇ ಅದು. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಇದನ್ನು ರೂಪಿಸಿದಾಗಿನಿಂದ ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಇದನ್ನೇ ಹೇಳಿದ್ದೇನೆ. ಪರೀಕ್ಷೆ ಮುಗಿದ ಮಾರನೇ ದಿನ ಎಲ್ಲರೂ ಮರೆಯುತ್ತಿದ್ದರು.

ನಿಮ್ಮ ನೀರಿಗೆ ಬರೋಣ. 14 ಗುಣಿಸು 3, 42. ಅಂದರೆ ಪಿಎಚ್ 7ರಲ್ಲೇ ನಿಮ್ಮ ತೊಟ್ಟಿಯಲ್ಲಿ 42 ಮಿಲಿಗ್ರಾಂ. ಗಿಡದ ತೊಟ್ಟಿಗೆ ಸಾಮಾನ್ಯವಾಗಿ ಹಿಡಿಯುವ ಗುರಿ 30ರ ಆಸುಪಾಸು. ಮೀನು ಬಾಯಿ ಬಡಿದ 6.9ರಲ್ಲಿ 53 ಇತ್ತು. ನಿಮ್ಮ ಆಸೆಯ 6.6ಕ್ಕೆ ಹೋಗಿದ್ದರೆ 105! ಆ ನೀರಿನಲ್ಲಿ ಟೆಟ್ರಾ ಉಳಿಯುವುದಿಲ್ಲ. ಮೀನಿನ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕಿವಿರಿನ ಮೂಲಕ ಹೊರಗೆ ಹೋಗಬೇಕು. ಹೊರಗಿನ ನೀರಿನಲ್ಲೇ ಅದು ತುಂಬಿಕೊಂಡಿದ್ದರೆ ಹೋಗುವುದಾದರೂ ಎಲ್ಲಿಗೆ? ಆಗ ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನಿಗೆ ಉಸಿರು ಕಟ್ಟುತ್ತದೆ.

ಈಗ 7.2 ಇದೆ ಎಂದಿರಿ. ಅಲ್ಲಿ ಸುಮಾರು 26. ಅಂದರೆ ನಿಮ್ಮ ಕೆಲಸ ಆಗಲೇ ಮುಗಿದಿದೆ! ಇನ್ನು ಗುಳ್ಳೆ ಹೆಚ್ಚಿಸಬೇಡಿ. ಗಿಡಕ್ಕೆ ಬೇಕಾದದ್ದು ಗ್ಯಾಸ್. ಪಿಎಚ್ ಇಳಿಯುವುದು ಗ್ಯಾಸ್ ಕರಗಿತು ಎನ್ನುವುದಕ್ಕೆ ಗುರುತು ಅಷ್ಟೇ. ‘ದಿನಾ 8.1ರಿಂದ 7.2ಕ್ಕೆ ಇಳಿದು ಮತ್ತೆ ಏರಿದರೆ ಮೀನಿಗೆ ಆಘಾತ ಆಗಲ್ವಾ’ ಎಂದು ಬಹಳ ಜನ ಕೇಳುತ್ತಾರೆ. ಗ್ಯಾಸಿನಿಂದ ಆಗುವ ಏರಿಳಿತದಲ್ಲಿ ನೀರಿನ ಉಪ್ಪಿನಂಶ ಬದಲಾಗುವುದಿಲ್ಲ. ಹಾಗಾಗಿ ಮೀನು ಅದನ್ನು ತಡೆದುಕೊಳ್ಳುತ್ತದೆ.

ಗ್ಯಾಸನ್ನು ದೀಪ ಹತ್ತುವ ಎರಡು ಗಂಟೆ ಮುಂಚೆ ಶುರು ಮಾಡಿ, ದೀಪ ಆರುವ ಒಂದು ಗಂಟೆ ಮುಂಚೆ ನಿಲ್ಲಿಸಿ. ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗೆ ಒಂದು ಟೈಮರ್ ಹಾಕಿದರೆ ನಿಮ್ಮ ನೆನಪನ್ನು ನಂಬಬೇಕಾಗಿಲ್ಲ. ರಾತ್ರಿ ಗಿಡವೂ ಮೀನಿನ ಹಾಗೆ ಆಮ್ಲಜನಕ ತೆಗೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆಗ ಸಿಲಿಂಡರ್ ಓಡುವುದು ದಂಡ, ಅಪಾಯವೂ ಹೌದು. ಇನ್ನೊಮ್ಮೆ ಮೀನು ಮೇಲೆ ಬಂದರೆ ಮೊದಲು ಗ್ಯಾಸ್ ಬಂದ್, ಆಮೇಲೆ ಏರ್ ಪಂಪ್ ಜೋರಾಗಿ, ಆಮೇಲೆ ಮೂರನೇ ಒಂದು ಭಾಗ ನೀರು ಬದಲು. ಇದೇ ಕ್ರಮದಲ್ಲಿ ಮಾಡಿ.

ಒಂದು ಡ್ರಾಪ್ ಚೆಕರ್ ಕೊಳ್ಳಿ. ನೀರಿನಲ್ಲಿ ಗ್ಯಾಸ್ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ, ತೊಟ್ಟಿಯೊಳಗೆ ಅಂಟಿಸುವ ಪುಟ್ಟ ಬುರುಡೆ ಅದು. ಒಳಗೆ ತೊಟ್ಟಿಯ ನೀರು ಹಾಕಬೇಡಿ. ಅರ್ಧ ಜನ ಇಲ್ಲೇ ಎಡವುತ್ತಾರೆ. ಕೆಎಚ್ 4ಕ್ಕೆ ಸರಿಮಾಡಿದ ದ್ರಾವಣವೇ ಬೇಕು, ಅದಕ್ಕೆ ಬ್ರೋಮೋಥೈಮಾಲ್ ಬ್ಲೂ ಹನಿ. ನೀಲಿ ಇದ್ದರೆ ಗ್ಯಾಸ್ ಕಡಿಮೆ, ಹಸಿರಾದರೆ 30ರ ಹತ್ತಿರ, ಹಳದಿಯಾದರೆ ಗ್ಯಾಸ್ ಅತಿಯಾಯಿತು, ಕಡಿಮೆ ಮಾಡಿ. ಬಣ್ಣ ತಿರುಗಲು ಒಂದೆರಡು ಗಂಟೆ ಬೇಕು. ಅದು ತೋರಿಸುವುದು ಈಗಿನ ಸ್ಥಿತಿಯನ್ನಲ್ಲ, ಆಗಿನದನ್ನು.

ರೋಟಾಲಾ ಮ್ಯಾಕ್ರಾಂಡ್ರಾ ವಿಷಯ. ಅದು ನಮ್ಮ ದಕ್ಷಿಣ ಭಾರತದ್ದೇ ಗಿಡ, ಪಶ್ಚಿಮ ಘಟ್ಟದ ಕಡೆಯದು. ಮೆದು ನೀರಿನ ಮಗಳು. ಕೆಎಚ್ 14ರಲ್ಲಿ ಗ್ಯಾಸ್ ಎಷ್ಟು ಕೊಟ್ಟರೂ ಸೊರಗುವುದೇ ಹೆಚ್ಚು. ಮಳೆ ನೀರನ್ನೋ ಆರ್‌ಓ ನೀರನ್ನೋ ಅರ್ಧಕ್ಕರ್ಧ ಬೆರೆಸಿ ಕೆಎಚ್ ಅನ್ನು 6–7ಕ್ಕೆ ತಂದರೆ ಆಸೆ ಇಟ್ಟುಕೊಳ್ಳಬಹುದು. ಆಗ ಗುಣಾಕಾರ ಮತ್ತೆ ಮಾಡಬೇಕು, ಮರೆಯಬೇಡಿ. ಕೆಎಚ್ 7ಕ್ಕೆ ಇಳಿದರೆ ಪಿಎಚ್ 6.9 ತೋರಿಸುವಾಗ 26 ಬರುತ್ತದೆ. ಮೊನ್ನೆ ಮೀನು ಬಾಯಿ ಬಡಿದದ್ದೂ ಇದೇ 6.9ರಲ್ಲಿ, ನೋಡಿ.

ಪ್ರಶ್ನೆ: ಟೀಚರ್, ನಮ್ಮ ಬಾವಿ ನೀರನ್ನು ಸೇದಿದ ಕೂಡಲೇ ನೋಡಿದರೆ ಪಿಎಚ್ 6. ಅದೇ ಬಕೆಟ್ ನೀರು ಮರುದಿನ ಬೆಳಿಗ್ಗೆ 6.8. ಕಿಟ್ ಹಾಳಾಗಿದೆಯಾ?
— ಗೃಹಿಣಿ, ಮೂಡುಬಿದಿರೆ

ಉತ್ತರ: ಕಿಟ್ ಸರಿಯಾಗಿದೆ. ನೆಲದೊಳಗಿನ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುತ್ತದೆ. ಮಣ್ಣಿನಲ್ಲಿ ಬೇರುಗಳು, ಸೂಕ್ಷ್ಮಜೀವಿಗಳು ಬಿಟ್ಟ ಉಸಿರು ಅದು. ಗೋಲಿ ಸೋಡಾ ಒಡೆದ ಕೂಡಲೇ ಇರುವ ಚುರುಕು, ಲೋಟದಲ್ಲಿ ಒಂದು ಗಂಟೆ ಇಟ್ಟರೆ ಇರುತ್ತದಾ? ಹಾಗೆಯೇ ಬಕೆಟ್‌ನಲ್ಲೂ ಗ್ಯಾಸ್ ಹಾರಿಹೋಗಿ ಪಿಎಚ್ ಏರಿತು. ನಿಮ್ಮ ಕಡೆಯ ಮುರಕಲ್ಲಿನ ನೆಲದಲ್ಲಿ ಸುಣ್ಣದ ಅಂಶ ಕಡಿಮೆ, ಹಾಗಾಗಿ ನೀರು ಮೆದು. ಆಮ್ಲೀಯತೆಯೂ ಬೇಗ ಕಾಣುತ್ತದೆ. ನೀರು ಬದಲಿಸುವ ಹಿಂದಿನ ರಾತ್ರಿಯೇ ಸೇದಿಡಿ, ಒಂದು ಏರ್ ಸ್ಟೋನ್ ಹಾಕಿಡಿ. ಇನ್ನೂ ಚೆನ್ನಾಗಿರುತ್ತದೆ. ಬರೆಯುವಾಗ ಮಾತ್ರ ಎರಡನೇ ಅಂಕಿಯನ್ನೇ ಬರೆದಿಡಿ.

ಪ್ರಶ್ನೆ: ನಮಸ್ಕಾರ ರೀ ಮೇಡಂ. ಶಾಲೆಯಲ್ಲಿ ಮಕ್ಕಳಿಗೆ ತೋರಿಸಲು ಒಂದು ತೊಟ್ಟಿ ಮಾಡಿದ್ದೇವೆ. ಹೈಡ್ರಿಲ್ಲಾ ಹುಲುಸಾಗಿ ಬೆಳೆದಿದೆ, ಜತೆಗೆ ವ್ಯಾಲಿಸ್ನೇರಿಯಾ. ಗ್ಯಾಸ್ ಗೀಸ್ ಏನೂ ಇಲ್ಲರೀ, ಕಿಟಕಿ ಬಿಸಿಲಷ್ಟೇ. ಬೆಳಿಗ್ಗೆ ಪಿಎಚ್ 7.6, ಸಂಜೆ ನಾಲ್ಕಕ್ಕೆ 9! ಎಲೆ ಮೇಲೆ ಬಿಳಿ ಪುಡಿ ಕೂತಿದೆ, ಉಗುರಲ್ಲಿ ಕೆರೆದರೆ ಬರುತ್ತದೆ. ಮಕ್ಕಳು ಹಾಕಿದ ಜಾವಾ ಮಾಸ್ ಮಾತ್ರ ಕಂದಿಹೋಯಿತು. ಇದು ರೋಗವೇ?
— ವಿಜ್ಞಾನ ಶಿಕ್ಷಕರು, ಧಾರವಾಡ

ಉತ್ತರ: ಗುರುಗಳೇ, ಈ ತಿಂಗಳ ಅತ್ಯುತ್ತಮ ಪತ್ರ ನಿಮ್ಮದು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಅಳೆದಿದ್ದೀರಿ. ಹಾಗೆ ಅಳೆಯುವವರು ಕಡಿಮೆ.

ರೋಗವಲ್ಲ. ನೀವೇ ತರಗತಿಯಲ್ಲಿ ಮಾಡಿಸುವ ಪ್ರಯೋಗ ನೆನಪಿಸಿಕೊಳ್ಳಿ. ಬೀಕರಿನಲ್ಲಿ ಹೈಡ್ರಿಲ್ಲಾ, ಮೇಲೆ ಬೋರಲು ಹಾಕಿದ ಆಲಿಕೆ, ಅದರ ಮೇಲೆ ನೀರು ತುಂಬಿದ ಪ್ರನಾಳ. ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕುತ್ತೇವಲ್ಲ, ಏಕೆ? ಸೋಡಾದಲ್ಲಿ ಬೈಕಾರ್ಬೊನೇಟ್ ಇದೆ. ಹೈಡ್ರಿಲ್ಲಾಗೆ ಅದನ್ನು ಮುರಿದು ಇಂಗಾಲ ತೆಗೆದುಕೊಳ್ಳುವ ಸಾಮರ್ಥ್ಯ ಇದೆ. ವ್ಯಾಲಿಸ್ನೇರಿಯಾಗೂ ಇದೆ. ಪಾಚಿಗಿಡದಂಥ ಮಾಸ್‌ಗಳಿಗೆ ಇಲ್ಲ. ಅವಕ್ಕೆ ಕರಗಿದ ಕಾರ್ಬನ್ ಡೈಆಕ್ಸೈಡೇ ಬೇಕು.

ನಿಮ್ಮ ತೊಟ್ಟಿಯಲ್ಲಿ ಬೆಳಿಗ್ಗೆಯಿಂದ ಏನಾಗುತ್ತದೆ ನೋಡಿ. ರಾತ್ರಿಯೆಲ್ಲ ಗಿಡ, ಮೀನು, ಬ್ಯಾಕ್ಟೀರಿಯಾ ಬಿಟ್ಟ ಉಸಿರು ನೀರಿನಲ್ಲಿ ಕೂಡಿರುತ್ತದೆ. ಅದಕ್ಕೇ ಬೆಳಿಗ್ಗೆ 7.6. ಬಿಸಿಲು ಬಿದ್ದ ಕೂಡಲೇ ಗಿಡಗಳು ಅದನ್ನು ಹೀರುತ್ತವೆ. ಮಧ್ಯಾಹ್ನದ ಹೊತ್ತಿಗೆ ಖಾಲಿ. ಅಲ್ಲಿಗೆ ಮಾಸ್‌ನ ಊಟ ಮುಗಿಯಿತು. ಹೈಡ್ರಿಲ್ಲಾ ಮಾತ್ರ ಬೈಕಾರ್ಬೊನೇಟ್‌ಗೆ ಕೈ ಹಾಕುತ್ತದೆ. ಇಂಗಾಲ ಒಳಗೆ ತೆಗೆದುಕೊಂಡು ಕ್ಷಾರವನ್ನು ಹೊರಗೆ ಬಿಡುತ್ತದೆ. ಪಿಎಚ್ 8 ದಾಟಿ 9ಕ್ಕೆ ಏರುವುದು ಹೀಗೆ. ಪಿಎಚ್ ಅಷ್ಟು ಏರಿದಾಗ ನೀರಿನ ಕ್ಯಾಲ್ಸಿಯಂ ಕರಗಿರಲಾರದೆ ಕಾರ್ಬೊನೇಟ್ ಆಗಿ ಎಲೆಯ ಮೇಲೇ ಕೂರುತ್ತದೆ. ನಿಮ್ಮ ಬಿಳಿ ಪುಡಿ ಅದೇ, ಸುಣ್ಣದ ಕಲ್ಲಿನ ವಸ್ತು. ಸ್ವಲ್ಪ ಕೆರೆದು ಒಂದು ಹನಿ ವಿನೆಗರ್ ಬಿಡಿ, ನೊರೆ ಬರುತ್ತದೆ. ಮಕ್ಕಳಿಗೆ ತೋರಿಸಿ. ನಿಮ್ಮೂರಿನ ಎಷ್ಟೋ ಕೆರೆಗಳಲ್ಲಿ ಹೈಡ್ರಿಲ್ಲಾ ಇದನ್ನೇ ಮಾಡುತ್ತದೆ. ನೋಡುವವರು ಬೇಕು ಅಷ್ಟೇ.

ಕೆಎಚ್ ಕೂಡ ಅಳೆಯಿಸಿ. ಹೀಗೆ ಸುಣ್ಣ ಕೂರುತ್ತಾ ಹೋದರೆ ವಾರದಿಂದ ವಾರಕ್ಕೆ ಅದು ಇಳಿಯುವುದು ಕಾಣುತ್ತದೆ. ಮಕ್ಕಳು ಗ್ರಾಫ್ ಬರೆಯಲಿ.

ಅಪಾಯ ಇರುವುದು ಒಂದೇ ಕಡೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಪಿಎಚ್ 7ರಲ್ಲಿ ಬಹುಪಾಲು ಅಮೋನಿಯಂ ರೂಪದಲ್ಲಿ ಇರುತ್ತದೆ. ಅದು ಅಷ್ಟೇನೂ ಕೆಡುಕಲ್ಲ. ವಿಷದ ರೂಪ ನೂರಕ್ಕೆ ಒಂದರಷ್ಟೂ ಇರುವುದಿಲ್ಲ. ಪಿಎಚ್ 8ರಲ್ಲಿ ಅದು ನೂರಕ್ಕೆ 5. ನಿಮ್ಮ ಸಂಜೆಯ 9ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! ಹಾಗಾಗಿ ಮಕ್ಕಳು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೀನಿಗೆ ಕೈತುಂಬ ಆಹಾರ ಹಾಕುವುದನ್ನು ನಿಲ್ಲಿಸಿ. ಹೈಡ್ರಿಲ್ಲಾವನ್ನು ಅರ್ಧ ಕತ್ತರಿಸಿ ತೆಗೆಯಿರಿ. ಕಿತ್ತದ್ದನ್ನು ಕೆರೆಗೋ ಚರಂಡಿಗೋ ಎಸೆಯದೆ ಗೊಬ್ಬರದ ಗುಂಡಿಗೆ ಹಾಕಿ. ಮಧ್ಯಾಹ್ನ ಕಿಟಕಿಗೆ ಒಂದು ಪರದೆ ಸಾಕು. ಜತೆಗೆ ಏರ್ ಪಂಪ್ ಓಡಲಿ. ಏರ್ ಪಂಪ್ ಗ್ಯಾಸನ್ನು ಓಡಿಸುತ್ತದೆ ಎನ್ನುತ್ತಾರಲ್ವಾ? ಅದು ಸಿಲಿಂಡರ್ ಇರುವ ತೊಟ್ಟಿಯಲ್ಲಿ ನಿಜ. ನಿಮ್ಮದರಲ್ಲಿ ಮಧ್ಯಾಹ್ನ ನೀರಿನಲ್ಲಿರುವುದಕ್ಕಿಂತ ಗಾಳಿಯಲ್ಲೇ ಗ್ಯಾಸ್ ಜಾಸ್ತಿ ಇರುತ್ತದೆ. ಪಂಪ್ ಹಾಕಿದರೆ ಅದು ಒಳಗೆ ಬರುತ್ತದೆ. ಮಾಸ್‌ಗೂ ಒಂದು ತುತ್ತು ಸಿಗುತ್ತದೆ.

ಪ್ರಶ್ನೆ: ಮೇಡಂ, ಶುದ್ಧವಾಗಿರಲಿ ಎಂದು ಪೂರ್ತಿ ಆರ್‌ಓ ನೀರೇ ತುಂಬಿಸಿದ್ದೇನೆ. ಪಿಎಚ್ ಇಳಿಯಲಿ ಎಂದು ಕಾಡು ಬಾದಾಮಿ ಎಲೆಯನ್ನೂ ಹಾಕಿದ್ದೇನೆ. ಗ್ಯಾಸ್ ಶುರು ಮಾಡಬಹುದಾ? ಪಿಎಚ್, ಕೆಎಚ್ ನೋಡಿ ಗ್ಯಾಸ್ ಎಷ್ಟೆಂದು ಹೇಳುವ ಚಾರ್ಟ್ ಪ್ರಕಾರ ಎಷ್ಟಕ್ಕೆ ನಿಲ್ಲಿಸಲಿ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬೇಡ. ಬರೀ ಗಾಳಿಗೆ ಇಟ್ಟ ಶುದ್ಧ ನೀರಿನ ಪಿಎಚ್ಚೇ 5.6ರ ಹತ್ತಿರ ಇರುತ್ತದೆ. ಅದಕ್ಕೆ ಲೀಟರಿಗೆ 30 ಮಿಲಿಗ್ರಾಂ ಗ್ಯಾಸ್ ಕರಗಿದರೆ 5ಕ್ಕಿಂತಲೂ ಕೆಳಗೆ. ಆರ್‌ಓ ನೀರಿನಲ್ಲಿ ಕೆಎಚ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮೀನಿಗೂ ಗಿಡಕ್ಕೂ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಇಲ್ಲ. ಕುಡಿಯುವವರಿಗೆ ಶುದ್ಧ, ಮೀನಿಗೆ ಉಪವಾಸ.

ನಲ್ಲಿಯ ನೀರು ಬೆರೆಸಿ. ಕೆಎಚ್ 3–4 ಬಂದರೆ ಸಾಕು. ಕ್ಲೋರಿನ್ ತೆಗೆದು ಬಳಸುವುದು ನಿಮಗೆ ಗೊತ್ತೇ ಇರುತ್ತದೆ. ಇನ್ನು ಎಲೆ. ಕಾಡು ಬಾದಾಮಿಯ ಟ್ಯಾನಿನ್‌ಗಳೂ ಆಮ್ಲವೇ. ಅವು ಪಿಎಚ್ ಇಳಿಸಿದಾಗ ಚಾರ್ಟ್‌ಗೆ ಅದು ಗ್ಯಾಸಿನಿಂದ ಇಳಿದದ್ದೋ ಎಲೆಯಿಂದ ಇಳಿದದ್ದೋ ಗೊತ್ತಾಗುವುದಿಲ್ಲ. ‘ಗ್ಯಾಸ್ ಭರ್ಜರಿ ಇದೆ’ ಎಂದು ಹೇಳಿಬಿಡುತ್ತದೆ. ಗಿಡ ಮಾತ್ರ ಹಸಿದಿರುತ್ತದೆ. ಅಂಗಡಿಯ ‘ಪಿಎಚ್ ಡೌನ್’ ಬಾಟಲಿಗಳದ್ದೂ ಇದೇ ಕಥೆ. ಆ ಬಾಟಲಿ ಮಾರುವವರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಗಡಸು ನೀರಿಗೆ ಸುರಿದರೆ ಸಂಜೆ ಇಳಿದ ಪಿಎಚ್ ಬೆಳಿಗ್ಗೆ ಮೇಲೆ ಬಂದಿರುತ್ತದೆ. ಜನ ಮತ್ತೆ ಬಾಟಲಿ ಕೊಳ್ಳುತ್ತಾರೆ. ಎಲೆ ಇಟ್ಟುಕೊಳ್ಳಿ, ಮೀನುಗಳಿಗೆ ಅದು ಇಷ್ಟ. ಆದರೆ ಚಾರ್ಟ್ ಬಿಟ್ಟು ಡ್ರಾಪ್ ಚೆಕರ್ ನಂಬಿ. ಅದರೊಳಗೆ ಗ್ಯಾಸ್ ಮಾತ್ರ ಹೋಗುತ್ತದೆ, ಟ್ಯಾನಿನ್ ಹೋಗುವುದಿಲ್ಲ.

ಪ್ರಶ್ನೆ: ನಮ್ಮದು ಝರಿ ನೀರು. ತೊಟ್ಟಿ ಮಾಡಿ ಎರಡು ವರ್ಷ ಆಯಿತು. ಮೀನು ಮರಿ ಹಾಕಿ ತುಂಬಿಹೋಗಿವೆ. ನೀರು ಬದಲಿಸದೆ ತಿಂಗಳುಗಳೇ ಆದವು, ಆವಿಯಾದಷ್ಟು ತುಂಬಿಸುತ್ತೇವೆ. ಈಗ ಪಿಎಚ್ 6ಕ್ಕಿಂತ ಕಡಿಮೆ, ಕೆಎಚ್ ಒಂದೇ ಹನಿಗೆ ಬಣ್ಣ ತಿರುಗುತ್ತದೆ. ಅಡುಗೆ ಸೋಡಾ ಹಾಕಿ ಅಂದರು. ಹಾಕಲಾ ಅಕ್ಕಾ?
— ಅಡಿಕೆ ಕೃಷಿಕರು, ತೀರ್ಥಹಳ್ಳಿ

ಉತ್ತರ: ಇವತ್ತೇ ಹಾಕಬೇಡಿ. ಬ್ಯಾಕ್ಟೀರಿಯಾ ಮೀನಿನ ಹೊಲಸನ್ನು ನೈಟ್ರೇಟ್ ಮಾಡುವಾಗ ನೀರಿನ ಕೆಎಚ್ ಖರ್ಚಾಗುತ್ತದೆ. ಮೊದಲೇ ಮೆದುವಾದ ಮಲೆನಾಡಿನ ನೀರು, ಮೇಲೆ ಬದಲಿಸಿಲ್ಲ. ಕೆಎಚ್ ಮುಗಿದು ಪಿಎಚ್ ಕುಸಿಯಿತು. ಪಿಎಚ್ 6ಕ್ಕಿಂತ ಕೆಳಗೆ ಆ ಬ್ಯಾಕ್ಟೀರಿಯಾಗಳ ಕೆಲಸವೂ ಕುಂಟುತ್ತದೆ. ಅಮೋನಿಯಂ ಕೂಡಿಕೊಂಡಿರಬಹುದು. ಈಗ ಒಮ್ಮೆಲೇ ಸೋಡಾ ಹಾಕಿ ಪಿಎಚ್ ಅನ್ನು 8ಕ್ಕೆ ಏರಿಸಿದರೆ ಅದೆಲ್ಲ ವಿಷದ ಅಮೋನಿಯಾ ಆಗುತ್ತದೆ. ಮೇಲೆ ಧಾರವಾಡದವರಿಗೆ ಹೇಳಿದ ಲೆಕ್ಕವೇ. ‘ಸೋಡಾ ಹಾಕಿದ ರಾತ್ರಿ ಮೀನು ಸತ್ತವು, ಸೋಡಾ ವಿಷ’ ಎನ್ನುವವರ ಮನೆಯಲ್ಲಿ ನಡೆಯುವುದು ಇದು.

ಮೊದಲು ದಿನಾ ಹತ್ತನೇ ಒಂದು ಭಾಗ ನೀರು ಬದಲಿಸಿ, ಒಂದೂವರೆ ವಾರ. ಅಮೋನಿಯಾ ಕಿಟ್ ಸೊನ್ನೆ ತೋರಿಸಿದ ಮೇಲೆ ಸೋಡಾ. ನೂರು ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಅದನ್ನು ಲೋಟದಲ್ಲಿ ಕರಗಿಸಿ, ದಿನಕ್ಕೆ ಒಂದೇ ಡಿಗ್ರಿ. 3ಕ್ಕೆ ಬಂದ ಮೇಲೆ ನಿಲ್ಲಿಸಿ. ಮರಿಗಳಲ್ಲಿ ಅರ್ಧವನ್ನು ಯಾರಿಗಾದರೂ ಕೊಡಿ. ಹಳ್ಳಕ್ಕೆ ಮಾತ್ರ ಬಿಡಬೇಡಿ. ಮತ್ತೆ, ಬೇರೆಯವರು ಹೊಟ್ಟೆಕಿಚ್ಚು ಪಡುವಂಥ ಜಾಗದಲ್ಲಿದ್ದೀರಿ ನೀವು. ಪೇಟೆಯವರು ದುಡ್ಡು ಕೊಟ್ಟು ಕೊಳ್ಳುವ ಲ್ಯಾಜೆನಾಂಡ್ರಾ ಮೀಬೋಲ್ಡಿ ಪಶ್ಚಿಮ ಘಟ್ಟದ ಹಳ್ಳದ ಬದಿಯ ಗಿಡ. ನಿಮ್ಮ ಮೆದು ನೀರಿಗೆ ಗ್ಯಾಸ್ ಇಲ್ಲದೆಯೂ ನಿಧಾನವಾಗಿ ಬರುತ್ತದೆ. ಕಾಡಿನಿಂದ ಕೀಳದೆ, ನರ್ಸರಿಯದ್ದನ್ನೇ ತನ್ನಿ.

ಪ್ರಶ್ನೆ: ಸಕ್ಕರೆ, ಈಸ್ಟ್ ಬಾಟಲಿಯಲ್ಲಿ ಹಾಕಿ 40 ಲೀಟರ್ ತೊಟ್ಟಿಗೆ ಗ್ಯಾಸ್ ಕೊಡಬಹುದಾ ಆಂಟಿ?
— ಒಂಬತ್ತನೇ ತರಗತಿ, ದಾವಣಗೆರೆ

ಉತ್ತರ: ಕೊಡಬಹುದು. ಆದರೆ ಈಸ್ಟ್‌ಗೆ ರಾತ್ರಿ ಹಗಲು ಗೊತ್ತಿಲ್ಲ. ರಾತ್ರಿಯೂ ಗ್ಯಾಸ್ ಬರುತ್ತಲೇ ಇರುತ್ತದೆ. ನಿಮ್ಮೂರ ಬೇಸಿಗೆಯಲ್ಲಂತೂ ಎರಡು ದಿನ ಭರ್ರೆಂದು ಬಂದು ಆಮೇಲೆ ಮಂಕಾಗುತ್ತದೆ. ರಾತ್ರಿ ಪೈಪನ್ನು ತೊಟ್ಟಿಯಿಂದ ಹೊರಗೆ ತೆಗೆದಿಡು, ಏರ್ ಪಂಪ್ ಹಚ್ಚು. ಮುಚ್ಚಳ ಬಿಗಿದು ಪೈಪ್ ಮುಚ್ಚಬೇಡ, ಬಾಟಲಿ ಸಿಡಿಯುತ್ತದೆ. ಗಾಜಿನ ಬಾಟಲಿಯಂತೂ ಬೇಡವೇ ಬೇಡ, ಕೂಲ್‌ಡ್ರಿಂಕ್ಸ್‌ನ ಪ್ಲಾಸ್ಟಿಕ್ ಬಾಟಲಿ ಸಾಕು. ತೊಟ್ಟಿಯ ನೀರು ಬಾಟಲಿಗೆ ಹಿಂದೆ ಬರದಂತೆ ನಡುವೆ ಒಂದು ಚೆಕ್ ವಾಲ್ವ್ ಇರಲಿ. ಅಡುಗೆ ಸೋಡಾ, ನಿಂಬೆ ಉಪ್ಪಿನ ಕಿಟ್ ಸಿಗುತ್ತದೆ, ಅದಕ್ಕೆ ವಾಲ್ವ್ ಇರುವುದರಿಂದ ಬೇಕೆಂದಾಗ ನಿಲ್ಲಿಸಬಹುದು. ಅಪ್ಪ ಅಮ್ಮ ಜತೆಗಿದ್ದಾಗ ಮಾತ್ರ ಜೋಡಿಸು. ನನ್ನನ್ನು ಕೇಳಿದರೆ, ಮೊದಲ ತೊಟ್ಟಿಗೆ ಅನೂಬಿಯಾಸ್, ಜಾವಾ ಫರ್ನ್ ನೆಟ್ಟು ಗ್ಯಾಸಿನ ಗೊಡವೆಯೇ ಬಿಡು. ಆಂಟಿ ಅಲ್ಲ, ಅಜ್ಜಿ ಅಂದರೂ ನಡೆಯುತ್ತದೆ.

ಪ್ರಶ್ನೆ: ಮೇಡಂ, ಸಿಲಿಂಡರ್ ಮೀಟರಿನ ಮುಳ್ಳು ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಬಹಳ ಮೇಲೆ. ಗ್ಯಾಸ್ ತಾನಾಗಿ ಹೆಚ್ಚುತ್ತದಾ? ಸಿಡಿಯುವ ಭಯ ಇದೆ.
— ಔಷಧಿ ಅಂಗಡಿಯವರು, ರಾಯಚೂರು

ಉತ್ತರ: ಹೆಚ್ಚಿದ್ದು ಗ್ಯಾಸ್ ಅಲ್ಲ, ನಿಮ್ಮೂರಿನ ಬಿಸಿಲು. ಸಿಲಿಂಡರಿನೊಳಗೆ ಕಾರ್ಬನ್ ಡೈಆಕ್ಸೈಡ್ ದ್ರವವಾಗಿ ಇರುತ್ತದೆ. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 57 ಬಾರ್, 25ರಲ್ಲಿ 64. 31 ಡಿಗ್ರಿ ದಾಟಿದರೆ ಒಳಗೆ ದ್ರವ, ಗ್ಯಾಸ್ ಎಂಬ ಭೇದವೇ ಉಳಿಯುವುದಿಲ್ಲ, ಒತ್ತಡ ಜೋರಾಗಿ ಏರುತ್ತದೆ. ರಾಯಚೂರಿನ ಏಪ್ರಿಲ್‌ನಲ್ಲಿ 31 ಅಂದರೆ ತಂಪು ಅಲ್ವಾ! ಸಿಲಿಂಡರನ್ನು ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಬೀಳದಂತೆ ಪಟ್ಟಿ ಕಟ್ಟಿ. ಬಾಲ್ಕನಿ, ನಿಲ್ಲಿಸಿದ ಕಾರು ಎರಡೂ ಬೇಡ. ತುಂಬಿಸುವವರು ಉಪಕಾರಕ್ಕೆಂದು ನಿಗದಿಗಿಂತ ಜಾಸ್ತಿ ತುಂಬಲು ಬಂದರೆ ಬೇಡ ಎನ್ನಿ. ಬೇಸಿಗೆಯಲ್ಲಿ ಸಿಡಿಯುವ ಭಯ ಇರುವುದು ಅಂಥ ಸಿಲಿಂಡರಿಗೆ.

ಮುಳ್ಳು ನೋಡಿ ಗ್ಯಾಸ್ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ. ದ್ರವ ಇರುವವರೆಗೆ ಅದು ಬಿಸಿಲಿಗೆ ತಕ್ಕಂತೆ ಕುಣಿಯುತ್ತದೆ, ದ್ರವ ಮುಗಿದ ಮೇಲೆ ಸರ್ರನೆ ಇಳಿಯುತ್ತದೆ. ಕೆಲವು ರೆಗ್ಯುಲೇಟರ್‌ಗಳು ಆಗ ಒಮ್ಮೆಲೇ ಗ್ಯಾಸ್ ನುಗ್ಗಿಸಿ ಮೀನು ಕೊಲ್ಲುವುದೂ ಉಂಟು. ಆದ್ದರಿಂದ ತೂಕ ಹಾಕಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಕುತ್ತಿಗೆಯ ಬಳಿ ಕೆತ್ತಿರುತ್ತಾರೆ. ರೆಗ್ಯುಲೇಟರ್ ಬಿಚ್ಚಿ, ಮೈತೂಕ ನೋಡುವ ಯಂತ್ರದ ಮೇಲೆ ನಿಲ್ಲಿಸಿದರೆ ಸಾಕು. ನಿಮ್ಮ ಅಂಗಡಿಯಲ್ಲೇ ಇರಬೇಕಲ್ಲ?